ಸ್ಟ್ರಾಂಗ್ ಮಾತ್ರೆ ಇದೆ, ಆದರೆ ಕೊಡುವುದಿಲ್ಲ

ನಿದ್ದೆಯ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ನಮೂನೆ. ಹೆಸರು ಬೇರೆ, ವಯಸ್ಸು ಬೇರೆ, ಕೊನೆಯ ಸಾಲು ಮಾತ್ರ ಅದೇ: ‘ಯಾವ ಮಾತ್ರೆ ತಗೊಳ್ಳಲಿ?’ ಇನ್ನು ಕೆಲವರು ಯಾವುದೋ ವಿಡಿಯೋ ನೋಡಿ, ಯಾವುದೋ ಪುಡಿ ತಿಂದು, ಬಾಯಿಗೆ ಟೇಪ್ ಅಂಟಿಸಿಕೊಂಡು, ಎಲ್ಲ ಮುಗಿದ ಮೇಲೆ ನನಗೆ ಬರೆಯುತ್ತಾರೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಮಿಕ್ಕವಕ್ಕೆ ಎಷ್ಟು ಬೇಕೋ ಅಷ್ಟೇ. ಮೊಬೈಲ್ ದೂರ ಇಡಿ, ಕೋಣೆ ಕತ್ತಲಾಗಿರಲಿ ಎನ್ನುವ ಪಾಠ ಇಲ್ಲಿಲ್ಲ. ಅದು ನಿಮಗೆಲ್ಲ ಬಾಯಿಪಾಠ ಆಗಿದೆ.

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಎರಡು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಿದ್ದೆ ಕೆಟ್ಟಿತು. ಅಮ್ಮ ಈಗ ಹುಷಾರಾಗಿದ್ದಾರೆ, ನನ್ನ ನಿದ್ದೆ ಮಾತ್ರ ಸರಿಹೋಗಿಲ್ಲ. ರಾತ್ರಿ 9:30ಕ್ಕೇ ಮಲಗುತ್ತೇನೆ, ಬೆಳಿಗ್ಗೆ 7ಕ್ಕೆ ಏಳುತ್ತೇನೆ. ನಡುವೆ ನಿದ್ದೆ ಬರುವುದು ಐದೂವರೆ ಗಂಟೆ ಇರಬಹುದು, ಅದೂ ತುಂಡುತುಂಡಾಗಿ. ರಾತ್ರಿ ಕೆಟ್ಟರೆ ಮಧ್ಯಾಹ್ನ ಒಂದು ಗಂಟೆ ಮಲಗುತ್ತೇನೆ. ಡಾಕ್ಟರು ಕೊಟ್ಟ ಮಾತ್ರೆ ಕೆಲವು ತಿಂಗಳು ಕೆಲಸ ಮಾಡಿತು, ಈಗ ಅದೂ ಇಲ್ಲ. ಇನ್ನೂ ಸ್ಟ್ರಾಂಗ್ ಮಾತ್ರೆ ಇದೆಯೇ?

ಉತ್ತರ: ಇದೆ. ಕೊಡುವುದಿಲ್ಲ.

ನಿಮ್ಮ ಕಾಯಿಲೆ ಏನೆಂದು ನಿಮ್ಮ ಪತ್ರವೇ ಹೇಳುತ್ತಿದೆ. 9:30ರಿಂದ 7 ಅಂದರೆ ಒಂಬತ್ತೂವರೆ ಗಂಟೆ. ಅದರಲ್ಲಿ ನಿದ್ದೆ ಐದೂವರೆ. ಉಳಿದ ನಾಲ್ಕು ಗಂಟೆ ನೀವು ಹಾಸಿಗೆಯ ಮೇಲೆ ಎಚ್ಚರವಾಗಿ ಹೊರಳಾಡುತ್ತೀರಿ, ದಿನಾ. ಎರಡು ವರ್ಷ ಹೀಗೆ ಮಾಡಿದರೆ ಎಂಥವರಿಗೂ ಅದೇ ರೂಢಿಯಾಗುತ್ತದೆ. ಟಿವಿ ಮುಂದೆ ಕೂತಾಗ ತೂಕಡಿಕೆ ಬರುತ್ತದೆ, ಹಾಸಿಗೆಗೆ ಬಂದ ಕೂಡಲೇ ಹಾರಿಹೋಗುತ್ತದೆ, ಅಲ್ವಾ? ನೀವು ಬರೆದಿಲ್ಲ, ಆದರೂ ನನಗೆ ಅನುಮಾನವಿಲ್ಲ. ಹಾಸಿಗೆ ಅಂದರೆ ಚಿಂತೆ ಮಾಡುವ ಜಾಗ ಎಂದು ನಿಮ್ಮ ಮೆದುಳು ಕಲಿತುಬಿಟ್ಟಿದೆ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸಕ್ಕೂ ತೊಂದರೆಯಾದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತೇವೆ. ನಿಮ್ಮದು ಅದೇ. ಆರ್ಥರ್ ಸ್ಪೀಲ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1987ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಕೆಲವರ ಮೈಯೇ ನಿದ್ದೆಗೆಡುವ ಸ್ವಭಾವದ್ದು. ಅದರ ಮೇಲೆ ಯಾವುದೋ ಕಷ್ಟ ಬಂದು ನಿದ್ದೆ ನಿಜವಾಗಿ ಕೆಡುತ್ತದೆ. ಕಷ್ಟ ಕಳೆಯುತ್ತದೆ, ಆದರೆ ಅಷ್ಟರಲ್ಲಿ ನಾವು ಹಿಡಿದ ಅಭ್ಯಾಸಗಳು ನಿದ್ದೆ ವಾಪಸ್ ಬರಲು ಬಿಡುವುದಿಲ್ಲ. ನಿಮ್ಮ ನಿದ್ದೆ ಕೆಡಿಸಿದ್ದು ಅಮ್ಮನ ಕಾಯಿಲೆ, ಸರಿ. ಅದನ್ನು ಕೆಟ್ಟೇ ಇರುವ ಹಾಗೆ ಇಟ್ಟುಕೊಂಡಿರುವುದು 9:30ರ ಹಾಸಿಗೆ ಮತ್ತು ಆ ಮಧ್ಯಾಹ್ನದ ಒಂದು ಗಂಟೆ. ಬೇಗ ಮಲಗಿದರೆ ಜಾಸ್ತಿ ನಿದ್ದೆ ಸಿಗುತ್ತದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಆ ಲೆಕ್ಕವೇ ತಪ್ಪು. ಒಂದು ಚೊಂಬು ನೀರನ್ನು ಇಡೀ ಅಂಗಳಕ್ಕೆ ಚೆಲ್ಲಿದರೆ ಎಲ್ಲೂ ನೆಲ ನೆನೆಯುವುದಿಲ್ಲ.

ನಿದ್ದೆ ತರುವುದು ಎರಡು ಸಂಗತಿ. ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ. ಅಡೆನೋಸಿನ್ ಎಂಬ ರಾಸಾಯನಿಕಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ಇನ್ನೊಂದು ಮೈಯೊಳಗಿನ ಗಡಿಯಾರ. ಅದು ಮುಖ್ಯವಾಗಿ ಬೆಳಕು ನೋಡಿ ಟೈಮ್ ಸರಿಮಾಡಿಕೊಳ್ಳುತ್ತದೆ. ಮಧ್ಯಾಹ್ನ ಮಲಗಿ ನೀವು ಒತ್ತಡವನ್ನು ಇಳಿಸುತ್ತೀರಿ, ಬೆಳಿಗ್ಗೆ 7ರವರೆಗೆ ಕತ್ತಲಲ್ಲಿ ಬಿದ್ದುಕೊಂಡು ಗಡಿಯಾರವೂ ತಡವಾಗಿ ಓಡುವ ಹಾಗೆ ಮಾಡುತ್ತೀರಿ. ಸಂಜೆಯ ಕಾಫಿ ಇದ್ದರೆ ಕೇಳುವುದೇ ಬೇಡ. ಕೆಫೀನ್ ಅಡೆನೋಸಿನ್ನಿನ ಕೆಲಸವನ್ನೇ ತಡೆಯುತ್ತದೆ, ಅದರಲ್ಲಿ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು.

ಈಗ ಮಾಡಬೇಕಾದ್ದು ಕೇಳಿ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟಕ್ಕೆ ಮಲಗಿದಿರಿ, ಸುಮಾರು ಎಷ್ಟು ಹೊತ್ತು ನಿದ್ದೆ ಬಂತು, ಎಷ್ಟಕ್ಕೆ ಎದ್ದಿರಿ. ಬೆಳಿಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು, ರಾತ್ರಿ ಗಡಿಯಾರ ನೋಡಬೇಡಿ. ಸರಾಸರಿ ಐದೂವರೆ ಗಂಟೆಯೇ ಬಂತು ಎನ್ನಿ. ಇನ್ನು ಮೇಲೆ ನಿಮಗೆ ಹಾಸಿಗೆಯಲ್ಲಿ ಇರಲು ಅಷ್ಟೇ ಹೊತ್ತು. ಬೆಳಿಗ್ಗೆ 6ಕ್ಕೆ ಏಳುವುದು ಎಂದಿಟ್ಟುಕೊಂಡರೆ ರಾತ್ರಿ 12:30ಕ್ಕೆ ಮಲಗುವುದು. ಹೌದು, ಹನ್ನೆರಡೂವರೆಗೆ. ಅದಕ್ಕೆ ಮೊದಲು ಹಾಸಿಗೆಯ ಹತ್ತಿರವೂ ಹೋಗಬೇಡಿ. ರಾತ್ರಿ ಎಷ್ಟೇ ಕೆಟ್ಟಿರಲಿ, ಭಾನುವಾರವೇ ಇರಲಿ, 6ಕ್ಕೆ ಏಳಲೇಬೇಕು. ಮಧ್ಯಾಹ್ನದ ನಿದ್ದೆ ಬಂದ್.

ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ 85 ಪಾಲು ನಿದ್ದೆಯಾಗಿಯೇ ಒಂದು ವಾರ ಕಳೆದರೆ, ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತನ್ನಿ: 12:15. ಮುಂದಿನ ವಾರ ಮತ್ತೆ ಲೆಕ್ಕ. ಈಗ ನಿಮ್ಮ ಲೆಕ್ಕ ನೂರಕ್ಕೆ 58 ಬರುತ್ತದೆ, ನಾನು ಹಾಕಿ ನೋಡಿದೆ. ಎಷ್ಟೇ ಕಮ್ಮಿ ನಿದ್ದೆ ಬರುತ್ತಿದ್ದರೂ ಐದು ಗಂಟೆಗಿಂತ ಕೆಳಗೆ ಇಳಿಸಬಾರದು.

ಮಲಗಿ ಇಪ್ಪತ್ತು ನಿಮಿಷ ಆಗಿರಬಹುದು ಅನ್ನಿಸಿದರೂ ನಿದ್ದೆ ಹತ್ತಲಿಲ್ಲವೇ? ಎದ್ದು ಇನ್ನೊಂದು ಕಡೆ ಹೋಗಿ ಕೂತುಕೊಳ್ಳಿ. ಮಂದ ಬೆಳಕಿನಲ್ಲಿ ಏನಾದರೂ ಓದಿ. ಕಣ್ಣು ಎಳೆಯುವಾಗ ಮಾತ್ರ ವಾಪಸ್ ಬನ್ನಿ. ಮತ್ತೆ ಎಚ್ಚರವಾದರೆ ಮತ್ತೆ ಏಳಿ. ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲೇ ಹೇಳಿದ ವಿಧಾನ ಇದು. ‘ಸುಮ್ನೆ ಕಣ್ಣು ಮುಚ್ಚಿ ಮಲಗಿದ್ದರೂ ವಿಶ್ರಾಂತಿ ಸಿಗುತ್ತಲ್ಲ’ ಎಂದು ವಾದಿಸುವವರು ಬಹಳ. ನಿದ್ರಾಹೀನತೆ ಇರುವವರಿಗೆ ಆ ವಿಶ್ರಾಂತಿಯೇ ಮುಳುವು.

ಮೊದಲ ಎರಡು ವಾರ ಹಗಲು ತುಂಬಾ ಮಂಪರು ಇರುತ್ತದೆ. ನನ್ನನ್ನು ಬೈದುಕೊಳ್ಳುತ್ತೀರಿ. ಬೈದುಕೊಳ್ಳಿ, ಆದರೆ ಆ ದಿನಗಳಲ್ಲಿ ಗಾಡಿ ಓಡಿಸಬೇಡಿ. ಬಹಳ ಜನ ನಾಲ್ಕನೇ ದಿನವೇ ಬಿಟ್ಟು ‘ನನಗೆ ಇದು ವರ್ಕ್ ಆಗಲಿಲ್ಲ’ ಎನ್ನುತ್ತಾರೆ. ಆರರಿಂದ ಎಂಟು ವಾರ ಕೊಡದವರು ಹಾಗೆ ಹೇಳಬಾರದು. ಇನ್ನೊಂದು ಮಾತು, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಮೂರ್ಛೆ ರೋಗ ಇರುವವರು, ಬೈಪೋಲಾರ್ ಕಾಯಿಲೆ ಇರುವವರು, ನಿದ್ದೆಯಲ್ಲಿ ನಡೆಯುವವರು, ಬಸ್ಸು ಲಾರಿ ಓಡಿಸುವವರು ಅಥವಾ ದೊಡ್ಡ ಯಂತ್ರದ ಮೇಲೆ ಕೆಲಸ ಮಾಡುವವರು ಇದನ್ನು ತಾವೇ ಮಾಡಿಕೊಳ್ಳಬಾರದು. ನಿದ್ದೆ ಕಡಿಮೆಯಾದರೆ ಫಿಟ್ಸ್ ಬರಬಹುದು, ಉನ್ಮಾದ ಕೆರಳಬಹುದು. ಅವರಿಗೆ ಡಾಕ್ಟರು ಜೊತೆಗಿರಲೇಬೇಕು.

ಇದೆಲ್ಲ ಸೇರಿದ ಚಿಕಿತ್ಸೆಗೆ ಸಿಬಿಟಿ-ಐ ಎನ್ನುತ್ತಾರೆ, ಅಂದರೆ ನಿದ್ದೆ ಕೆಡಿಸುವ ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ. ಚಿಂತೆಯನ್ನು ನಿಭಾಯಿಸುವ ಭಾಗವೂ ಅದರಲ್ಲಿದೆ. ದೊಡ್ಡವರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ್ದು ಇದನ್ನೇ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಹೇಳಿತು. ಮಾತ್ರೆ ಆಮೇಲೆ, ಅದೂ ಸ್ವಲ್ಪ ದಿನಕ್ಕೆ. ಆದರೂ ಮೊದಲ ಭೇಟಿಯಲ್ಲೇ ಮಾತ್ರೆ ಬರೆದು ಕಳಿಸುವ ಡಾಕ್ಟರುಗಳಿಗೆ ಬರವಿಲ್ಲ. ಮಾತ್ರೆ ಬರೆಯಲು ಒಂದು ನಿಮಿಷ ಸಾಕು, ಮೇಲಿನದನ್ನು ಹೇಳಿಕೊಡಲು ಅರ್ಧ ಗಂಟೆ ಬೇಕು.

ಮಾತ್ರೆಯ ವಿಷಯದಲ್ಲಿ ನಾನು ಸ್ವಲ್ಪ ಅತಿ ಎಚ್ಚರಿಕೆಯವನು, ಒಪ್ಪುತ್ತೇನೆ. ನಿದ್ದೆಗೆ, ಆತಂಕಕ್ಕೆ ಕೊಡುವ ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆಗಳಿಗೆ ಮೈ ಒಗ್ಗಿಕೊಳ್ಳುತ್ತದೆ, ಆಮೇಲೆ ಅದಿಲ್ಲದೆ ಆಗುವುದಿಲ್ಲ. ವಯಸ್ಸಾದವರು ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕೂ ಇವು ಕಾರಣ. ಜೋಲ್‌ಪಿಡೆಮ್ ಎಂಬ ಇನ್ನೊಂದು ನಿದ್ದೆ ಮಾತ್ರೆ ತಗೊಂಡವರಲ್ಲಿ ಕೆಲವರು ನಿದ್ದೆಯಲ್ಲೇ ಎದ್ದು ಅಡುಗೆ ಮಾಡಿದ್ದು, ಕಾರು ಓಡಿಸಿದ್ದು ಇದೆ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಅದರ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಇಷ್ಟು ಓದಿ ಹೆದರಿ ಇವತ್ತೇ ಮಾತ್ರೆ ಎಸೆಯಬೇಡಿ. ಬಹಳ ದಿನ ತಗೊಂಡದ್ದನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ, ವಾರವಾರ ಸ್ವಲ್ಪಸ್ವಲ್ಪ ಇಳಿಸಿಕೊಳ್ಳಿ.

ಪ್ರಶ್ನೆ: ನನ್ನ ವಾಚ್ ಪ್ರಕಾರ ಆಳವಾದ ನಿದ್ದೆ ಬರೀ 40 ನಿಮಿಷ. ಏನು ಮಾಡಲಿ?

ಉತ್ತರ: ವಾಚ್ ಬಿಚ್ಚಿಡಿ. ಮಿದುಳಿನ ಅಲೆ ನೋಡದೆ ಆಳದ ನಿದ್ದೆ ಅಳೆಯಲು ಬರುವುದಿಲ್ಲ. ಅದು ಕೈಯ ಅಲುಗಾಟ, ನಾಡಿ ನೋಡಿ ಊಹೆ ಮಾಡುತ್ತದೆ. ಆ ಊಹೆಯನ್ನು ನಂಬಿ ನಿಮ್ಮ ನಿದ್ದೆ ಕೆಡುತ್ತಿದೆ.

ಪ್ರಶ್ನೆ: ಏಳು ಗಂಟೆ ನಿದ್ದೆ ಮಾಡುತ್ತೇನೆ, ಹಗಲು ಚೆನ್ನಾಗಿರುತ್ತೇನೆ. ಎಂಟು ಗಂಟೆ ಕಡ್ಡಾಯವೇ?

ಉತ್ತರ: ಅಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಮಲಗಿದ ತಕ್ಷಣ ಜೋರು ಗೊರಕೆ. ಒಳ್ಳೆ ನಿದ್ದೆ ಅಂತ ಎಲ್ಲರೂ ಹೇಳುತ್ತಾರೆ. ನಡುನಡುವೆ ಸದ್ದೇ ನಿಂತು, ಆಮೇಲೆ ಗಕ್ಕನೆ ಉಸಿರೆಳೆದುಕೊಳ್ಳುತ್ತಾರೆ. ಹಗಲೆಲ್ಲ ತೂಕಡಿಕೆ. ಬಿಪಿ ಮಾತ್ರೆ ಮೂರು ತಗೊಂಡರೂ ಇಳಿಯುತ್ತಿಲ್ಲ.

ಉತ್ತರ: ಗೊರಕೆ ಒಳ್ಳೆಯ ನಿದ್ದೆಯ ಗುರುತು ಎಂದು ಹೇಳಿದವರು ಯಾರೋ, ಅವರನ್ನು ಒಮ್ಮೆ ನನ್ನ ಮುಂದೆ ಕೂರಿಸಿ. ನೀವು ಬರೆದಿರುವುದು ಸ್ಲೀಪ್ ಅಪ್ನಿಯಾ ಲಕ್ಷಣ, ಒಂದೂ ಬಿಡದೆ ಬರೆದಿದ್ದೀರಿ. ಮಲಗಿದಾಗ ಗಂಟಲು ಸಡಿಲವಾಗಿ ಮುಚ್ಚಿಕೊಳ್ಳುತ್ತದೆ. ಉಸಿರು 10 ಸೆಕೆಂಡ್ ಅಥವಾ ಜಾಸ್ತಿ ನಿಲ್ಲುತ್ತದೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ಅವರಿಗೆ ಎಚ್ಚರವಾದದ್ದು ಗೊತ್ತೇ ಆಗುವುದಿಲ್ಲ. ಉಸಿರು ನಿಲ್ಲುವುದು, ತೀರಾ ಕಮ್ಮಿಯಾಗುವುದು ಎರಡೂ ಸೇರಿ ಗಂಟೆಗೆ 30 ಸಲ ಆದರೆ ಅದು ತೀವ್ರ. ಬಿಪಿ ಬಗ್ಗದಿರುವುದಕ್ಕೂ ಇದೇ ಕಾರಣ ಇರಬಹುದು.

ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರು, ಆಕ್ಸಿಜನ್ ಅಳೆಯುವ ಪರೀಕ್ಷೆ, ಮಾಡಿಸಿ, ಈ ತಿಂಗಳೇ. ಅಪ್ನಿಯಾ ಎಂದು ಗೊತ್ತಾದರೆ ಸಿಪ್ಯಾಪ್ ಯಂತ್ರ. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ಅದು ಆಕ್ಸಿಜನ್ ಕೊಡುವ ಯಂತ್ರ ಅಲ್ಲ, ಗಾಳಿಯ ಒತ್ತಡದಿಂದ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಮಾಸ್ಕ್ ಕಿರಿಕಿರಿ ಎಂದು ಬಹಳ ಜನ ಮೂಲೆಗೆಸೆಯುತ್ತಾರೆ. ಹೆಚ್ಚಾಗಿ ತಪ್ಪು ಅಳತೆಯದು. ಬೇರೆ ಮಾಸ್ಕ್ ಕೇಳಿ. ತೂಕ ಇಳಿಸಿದರೆ ಅನುಕೂಲ, ಆದರೆ ತೂಕ ಇಳಿಯುವ ತನಕ ಯಂತ್ರ ಬೇಡ ಎನ್ನುವ ವಾದ ಬೇಡ. ತೆಳ್ಳಗಿರುವವರಿಗೂ ಇದು ಬರುತ್ತದೆ. ನಿದ್ದೆ ಮಾತ್ರೆ, ಮದ್ಯ ಎರಡೂ ಮುಟ್ಟಬಾರದು, ಗಂಟಲು ಇನ್ನೂ ಸಡಿಲವಾಗುತ್ತದೆ. ಬಾಯಿಗೆ ಟೇಪ್ ಹಚ್ಚುವ ಹುಚ್ಚಾಟವಂತೂ ಬೇಡವೇ ಬೇಡ. ಚಿಕಿತ್ಸೆ ಶುರುವಾಗುವ ತನಕ ಕಾರಿನ ಕೀ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ಒಂದು ಪೆಗ್ ಹಾಕಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ತಪ್ಪೇ?

ಉತ್ತರ: ಬೇಗ ಬರುತ್ತದೆ, ನಡುರಾತ್ರಿ ಒಡೆಯುತ್ತದೆ. ಬಿಡಿ.

ಪ್ರಶ್ನೆ: ಮೆಲಟೋನಿನ್ ಗಮ್ಮಿ, ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಸಿಗುವ ಮೂಲಿಕೆ ಪುಡಿ. ಯಾವುದು ಒಳ್ಳೆಯದು?

ಉತ್ತರ: ಮೆಲಟೋನಿನ್ ನಿದ್ದೆ ಬರಿಸುವ ಔಷಧ ಅಲ್ಲ, ರಾತ್ರಿಯಾಯಿತು ಎಂದು ಮೈಗೆ ಹೇಳುವ ಹಾರ್ಮೋನ್. ವಿಮಾನದಲ್ಲಿ ದೂರ ಹೋದವರಿಗೆ, ಗಡಿಯಾರ ಹಿಂದೆಮುಂದೆ ಆದವರಿಗೆ ಸಣ್ಣ ಡೋಸ್, ಸರಿಯಾದ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ. ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಉತ್ಪನ್ನ ಪರೀಕ್ಷಿಸಿದಾಗ ಒಂದರಲ್ಲಿ ಲೇಬಲ್ ಹೇಳಿದ್ದಕ್ಕಿಂತ ಶೇ 83 ಕಮ್ಮಿ, ಇನ್ನೊಂದರಲ್ಲಿ ಶೇ 478 ಜಾಸ್ತಿ ಇತ್ತು. ಪುಡಿಯ ಬಗ್ಗೆ ಕೇಳಲೇಬೇಡಿ. ‘ಸೈಡ್ ಎಫೆಕ್ಟ್ ಇಲ್ಲ, ಗ್ಯಾರಂಟಿ’ ಎನ್ನುವವರ ಸರಕಿನಲ್ಲಿ ನಿಜವಾದ ನಿದ್ದೆ ಔಷಧವನ್ನೇ ಗುಟ್ಟಾಗಿ ಬೆರೆಸಿದ್ದು ಸಿಕ್ಕಿಬಿದ್ದಿದೆ. ಅದಕ್ಕೇ ‘ಕೆಲಸ ಮಾಡುತ್ತದೆ’.

ಪ್ರಶ್ನೆ: ಎಚ್ಚರವಾಗುತ್ತದೆ, ಆದರೆ ಕೈಕಾಲು ಆಡುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ದೆವ್ವವೇ?

ಉತ್ತರ: ಅಲ್ಲ. ಕನಸಿನ ನಿದ್ದೆಯಲ್ಲಿ ಮೈ ಸ್ತಬ್ಧವಾಗಿರುತ್ತದೆ, ಒಮ್ಮೊಮ್ಮೆ ಎಚ್ಚರ ಮೊದಲು ಬಂದು ಮೈ ತಡವಾಗಿ ಬಿಡಿಸಿಕೊಳ್ಳುತ್ತದೆ. ನಿದ್ದೆಗೆಟ್ಟಾಗ, ಅಂಗಾತ ಮಲಗಿದಾಗ ಜಾಸ್ತಿ. ತಾಯತ ಕಟ್ಟುವವರಿಗೆ ದುಡ್ಡು ಕೊಡಬೇಡಿ. ಇದರ ಜೊತೆ ಹಗಲು ತಡೆಯಲಾಗದ ನಿದ್ದೆ, ನಕ್ಕಾಗ ಮೊಣಕಾಲು ಕುಸಿದ ಹಾಗೆ ಆಗುವುದು ಇದ್ದರೆ ಮಾತ್ರ ತೋರಿಸಿಕೊಳ್ಳಿ, ಅದು ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಇರಬಹುದು.

ಪ್ರಶ್ನೆ: ಸಂಜೆಯಾದರೆ ಕಾಲಿನಲ್ಲಿ ಏನೋ ಹರಿದಾಡಿದ ಹಾಗೆ. ಅಲುಗಾಡಿಸದೆ ಇರಲಾಗುವುದಿಲ್ಲ, ನಡೆದಾಡಿದರೆ ಆರಾಮ.

ಉತ್ತರ: ಫೆರಿಟಿನ್ ಟೆಸ್ಟ್ ಮಾಡಿಸಿ, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂದು ಅದು ಹೇಳುತ್ತದೆ. ಹಿಮೋಗ್ಲೋಬಿನ್ ಚೆನ್ನಾಗಿದ್ದರೂ ಮಾಡಿಸಿ. ಲ್ಯಾಬ್‌ನವರು ನಾರ್ಮಲ್ ಎಂದು ಬರೆದಿದ್ದರೂ 75ಕ್ಕಿಂತ ಕಮ್ಮಿ ಇದ್ದರೆ ಈ ಕಾಲಿನ ಚಡಪಡಿಕೆಗೆ ಕಬ್ಬಿಣಾಂಶ ಕೊಡುವುದುಂಟು. ನೀವೇ ಅಂಗಡಿಯಿಂದ ತಂದು ನುಂಗಬೇಡಿ.

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಒಂದು ವರ್ಷದಿಂದ ನಿದ್ದೆಯಲ್ಲಿ ಕಿರುಚುತ್ತಾರೆ, ಒದೆಯುತ್ತಾರೆ. ಒಮ್ಮೆ ಅಮ್ಮನಿಗೇ ಗುದ್ದಿದರು. ಎಬ್ಬಿಸಿ ಕೇಳಿದರೆ ಕನಸಿನಲ್ಲಿ ಯಾರೋ ಅಟ್ಟಿಸಿಕೊಂಡು ಬಂದರು ಎನ್ನುತ್ತಾರೆ. ಟೆನ್ಷನ್ ಇರಬಹುದೇ?

ಉತ್ತರ: ಟೆನ್ಷನ್ ಎಂದು ಸುಮ್ಮನಿರಬೇಡಿ. ಕನಸಿನಲ್ಲಿ ಸ್ತಬ್ಧವಾಗಿರಬೇಕಾದ ಮೈ ಇವರಲ್ಲಿ ಸ್ತಬ್ಧವಾಗುತ್ತಿಲ್ಲ, ಕನಸನ್ನೇ ಆಡಿ ತೋರಿಸುತ್ತಿದೆ. ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾದರೆ, ಕೆಲವರಲ್ಲಿ ಎಷ್ಟೋ ವರ್ಷಗಳ ನಂತರ ಬರುವ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ ಇದಾಗಿರುತ್ತದೆ. ಎಲ್ಲರಿಗೂ ಅಲ್ಲ. ಕೆಲವು ಖಿನ್ನತೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ. ನರರೋಗ ತಜ್ಞರಿಗೆ ತೋರಿಸಿ. ಹೋಗುವಾಗ ಅವರು ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ರಾತ್ರಿ ಮೊಬೈಲ್‌ನಲ್ಲಿ ತೆಗೆದ ಒಂದು ವಿಡಿಯೋ ಜೊತೆಗಿರಲಿ. ವಾಸನೆ ತಿಳಿಯುವುದು ಕಮ್ಮಿಯಾಗಿದೆಯೇ, ಮಲಬದ್ಧತೆ ಇದೆಯೇ ಎಂದೂ ತಂದೆಯನ್ನು ಕೇಳಿ ಬರೆದುಕೊಳ್ಳಿ. ಅಲ್ಲಿಯವರೆಗೆ ಮಂಚದ ಪಕ್ಕದ ಗಾಜಿನ ಸಾಮಾನು ತೆಗೆದಿಡಿ, ಅಮ್ಮ ಬೇರೆ ಹಾಸಿಗೆಯಲ್ಲಿ ಮಲಗಲಿ.