ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ ಅಂದ ಮೇಲೆ ದೇಣಿಗೆ ಯಾಕೆ ಕೊಡಬೇಕು?

ನಿಮ್ಮ ತಮ್ಮನಿಗೆ ಕಣ್ಣು ಕಾಣುವುದಿಲ್ಲ, ಆಡಿಯೋ ಎಡಿಟಿಂಗ್ ಕಲಿಯುವ ಆಸೆ ಇದೆ, ಪುಕ್ಕಟೆ ಸಿಗುವ ಎನ್‌ವಿಡಿಎಗೆ ದುಡ್ಡು ಯಾಕೆ ಅಂತ ಕೇಳಿದ್ದೀರಿ. ಎನ್‌ವಿಡಿಎ ಅಂದರೆ ವಿಂಡೋಸ್ ಕಂಪ್ಯೂಟರಿನ ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಅಂದರೆ ಸ್ಕ್ರೀನ್ ರೀಡರ್. ನನಗೂ ಕಣ್ಣು ಕಾಣುವುದಿಲ್ಲ. ಕಥೆ, ಪಾಠಗಳನ್ನು ರೆಕಾರ್ಡ್ ಮಾಡಿ ಎಡಿಟ್ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು.

ಕಲಿಯುವಾಗ ಒಂದು ರೂಪಾಯಿನೂ ಕೊಡಬೇಡಿ. ಎನ್‌ವಿಡಿಎ ಡೌನ್‌ಲೋಡ್ ಮಾಡುವ ಪುಟದಲ್ಲಿ ದೇಣಿಗೆ ಕೇಳುತ್ತಾರೆ. ಬೇಡ ಅಂದರೂ ಪೂರ್ತಿ ಸಾಫ್ಟ್‌ವೇರೇ ಬರುತ್ತದೆ. ಅದರ ಜೊತೆಗೇ ಬರುವ ಇ-ಸ್ಪೀಕ್ ಎನ್ನುವ ಓದುವ ದನಿ ಕನ್ನಡವನ್ನೂ ಓದುತ್ತದೆ. ಎಡಿಟಿಂಗ್‌ಗೆ ರೀಪರ್ ಎನ್ನುವ ಸಾಫ್ಟ್‌ವೇರ್ ಹಾಕಿಕೊಡಿ. 60 ದಿನ ಸುಮ್ನೆ ಬಳಸಿ ನೋಡಬಹುದು. ಆಮೇಲೆ ಮನೆ ಬಳಕೆಗೆ, ಸಣ್ಣ ಗಳಿಕೆಯವರಿಗೆ 60 ಡಾಲರ್. ರೀಪರ್ ಜೊತೆ ಓಸಾರಾ ಎನ್ನುವ ಎಕ್ಸ್‌ಟೆನ್ಶನ್ ಬೇಕೇ ಬೇಕು. ಅದಕ್ಕೆ ದುಡ್ಡಿಲ್ಲ.

ಓಸಾರಾ ಇಲ್ಲದೆ ರೀಪರ್ ತೆರೆದರೆ ನಮ್ಮ ಪಾಲಿಗೆ ಅದು ಮೂಕ. ಹಾಕಿದ ಮೇಲೆ ಮಾತಾಡುತ್ತದೆ. ಬಾಣದ ಕೀಲಿ ಒತ್ತಿದರೆ ಟ್ರ್ಯಾಕಿನ ಹೆಸರು ಹೇಳುತ್ತದೆ. ದನಿ ಮಿತಿ ಮೀರಿದರೆ ಎಚ್ಚರಿಸುವ ಹಾಗೆ ಇಟ್ಟುಕೊಳ್ಳಬಹುದು. ಓದುವವರು ವಾಕ್ಯದ ನಡುವೆ ಜೋರಾಗಿ ಉಸಿರೆಳೆದಿರುತ್ತಾರೆ ಅಂದುಕೊಳ್ಳಿ. ಉಸಿರು ಶುರುವಾಗುವ ಜಾಗಕ್ಕೆ ಹೋಗಿ ಎಸ್ ಕೀಲಿ ಒತ್ತಿ ಕತ್ತರಿಸುತ್ತೇನೆ, ಮುಗಿಯುವ ಜಾಗದಲ್ಲಿ ಇನ್ನೊಮ್ಮೆ ಎಸ್. ನಡುವಿನ ತುಂಡನ್ನು ತೆಗೆದು ಮತ್ತೆ ಕೇಳುತ್ತೇನೆ. ತೀರಾ ಹತ್ತಿರಕ್ಕೆ ಕತ್ತರಿಸಿದರೆ ಮುಂದಿನ ಪದದ 'ಹ' ಹಾರಿಹೋಗಿರುತ್ತದೆ. ಅದನ್ನು ಕಣ್ಣಿಗಿಂತ ಕಿವಿಯೇ ಬೇಗ ಹಿಡಿಯುತ್ತದೆ.

ಇನ್ನು ದುಡ್ಡಿನ ಮಾತು. ಎನ್‌ವಿಡಿಎ ಶುರು ಮಾಡಿದ್ದು 2006ರಲ್ಲಿ, ಆಸ್ಟ್ರೇಲಿಯಾದ ಮೈಕಲ್ ಕರನ್. ಆಗ ಹೆಸರುವಾಸಿ ಸ್ಕ್ರೀನ್ ರೀಡರ್ ಬೇಕೆಂದರೆ ಹತ್ತಾರು ಸಾವಿರ ರೂಪಾಯಿ. ಕಂಪ್ಯೂಟರಿಗಿಂತ ಅದೇ ದುಬಾರಿ ಆಗುತ್ತಿತ್ತು. ಆಮೇಲೆ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ, ದೃಷ್ಟಿ ಇಲ್ಲದ ಮಕ್ಕಳ ಸಂಗೀತ ಶಿಬಿರದಲ್ಲಿ ಪರಿಚಯ ಆದವರು. ಎನ್‌ವಿಡಿಎ ನೋಡಿಕೊಳ್ಳಲು ಎನ್‌ವಿ ಆಕ್ಸೆಸ್ ಸಂಸ್ಥೆ ಕಟ್ಟಿದರು. ಮೊಜಿಲ್ಲಾ, ಮೈಕ್ರೋಸಾಫ್ಟ್‌ನಂಥವರು ನೆರವಾದರು. ಓಸಾರಾ ಶುರು ಮಾಡಿದವರೂ ಇದೇ ಜೇಮ್ಸ್ ಟೆಹ್.

ಇದು ಒಮ್ಮೆ ಮಾಡಿಟ್ಟರೆ ಮುಗಿಯುವ ಕೆಲಸ ಅಲ್ಲ, ಅದೇ ಮುಖ್ಯ. ವಿಂಡೋಸ್ ಬದಲಾಗುತ್ತಲೇ ಇರುತ್ತದೆ, ಬ್ರೌಸರ್ ಬದಲಾಗುತ್ತದೆ. ಒಮ್ಮೆ ನಾನು ಬಳಸುತ್ತಿದ್ದ ಒಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಮಾರನೇ ದಿನ ಟ್ಯಾಬ್ ಒತ್ತಿದಾಗಲೆಲ್ಲ "ಬಟನ್, ಬಟನ್, ಬಟನ್" ಅಷ್ಟೇ. ಯಾವುದು ರೆಕಾರ್ಡು, ಯಾವುದು ಡಿಲೀಟು? ಸಂಜೆಯೊಳಗೆ ಒಂದು ಪಾಠ ಕಳಿಸಬೇಕಿತ್ತು. ಪಕ್ಕದ ಮನೆ ಹುಡುಗ ಶಾಲೆಯಿಂದ ಬರುವ ತನಕ ಕಾದು ಕೂತಿದ್ದೆ. ಇಂಥದ್ದನ್ನು ದಿನಾ ಕೂತು ಸರಿಮಾಡುವವರಿಗೆ ಸಂಬಳ ಬೇಕು ಅಲ್ವಾ?

ದೊಡ್ಡ ಕಂಪನಿ ನೋಡಿಕೊಳ್ಳಲಿ ಅಂತ ಬಿಡುವುದಕ್ಕೂ ಆಗುವುದಿಲ್ಲ. ಲಿನಕ್ಸ್‌ನ ಓರ್ಕಾ ಸ್ಕ್ರೀನ್ ರೀಡರ್ ಸನ್ ಮೈಕ್ರೋಸಿಸ್ಟಮ್ಸ್ ಎನ್ನುವ ಕಂಪನಿಯ ಆಸರೆಯಲ್ಲಿ ಬೆಳೆದಿತ್ತು. 2010ರಲ್ಲಿ ಸನ್ ಅನ್ನು ಓರಾಕಲ್ ಕೊಂಡಿತು, ಓರ್ಕಾ ನೋಡಿಕೊಳ್ಳುತ್ತಿದ್ದ ಕೆಲವರು ಕೆಲಸ ಕಳೆದುಕೊಂಡರು. ಓರ್ಕಾ ಉಳಿದದ್ದು ಹಟ ಬಿಡದೆ ಅದನ್ನು ಮುಂದುವರಿಸಿದವರಿಂದ. ಸಾವಿರಾರು ಜನ ಸ್ವಲ್ಪ ಸ್ವಲ್ಪ ಕೊಡುವುದೇ ನನಗೆ ಗಟ್ಟಿ ದಾರಿ ಅನ್ನಿಸುತ್ತದೆ. ನಾನು ಯುಗಾದಿ ತಿಂಗಳಲ್ಲಿ ಒಂದು ದಿನದ ಗಳಿಕೆಯನ್ನು ಎನ್‌ವಿ ಆಕ್ಸೆಸ್‌ಗೆ ಕಳಿಸುತ್ತೇನೆ. ನಿಮ್ಮ ತಮ್ಮ ಮೊದಲ ಸಂಪಾದನೆ ಬಂದ ಮೇಲೆ ಯೋಚಿಸಲಿ.

ಸದ್ಯಕ್ಕೆ ಕೈಯಲ್ಲಿ ದುಡ್ಡಿದ್ದರೆ ಒಂದು ಒಳ್ಳೆಯ ಹೆಡ್‌ಫೋನ್ ಕೊಡಿಸಿ. ಆಮೇಲೆ ಸಣ್ಣದೊಂದು ಯುಎಸ್‌ಬಿ ಸೌಂಡ್ ಕಾರ್ಡ್, ಅಂದರೆ ಕಂಪ್ಯೂಟರಿನಿಂದ ದನಿ ಹೊರಬರಲು ಇನ್ನೊಂದು ದಾರಿ. ಎನ್‌ವಿಡಿಎ ದನಿ ಒಂದರಲ್ಲಿ, ರೆಕಾರ್ಡಿಂಗ್ ಇನ್ನೊಂದರಲ್ಲಿ ಬರುವ ಹಾಗೆ ಮಾಡಿಕೊಳ್ಳಲಿ. ಎರಡೂ ಒಂದೇ ಕಡೆ ಬಂದರೆ ಉಸಿರು ಎಲ್ಲಿದೆ ಅಂತ ಹುಡುಕುವುದರಲ್ಲೇ ಸುಸ್ತಾಗುತ್ತಾನೆ.