ಸ್ಟೀರಿಂಗ್ ಮೇಲಿನ ಬಟನ್, ಹೊಸ ಸ್ಟೀರಿಯೋ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರಿನ ಜೊತೆಗೆ ಬಂದ ಸ್ಟೀರಿಯೋ ತೆಗೆಸಿ ಬೇರೊಂದನ್ನು ಹಾಕಿಸಿದ ಮೇಲೆ ಸ್ಟೀರಿಂಗ್ ಮೇಲಿನ ಬಟನ್‌ಗಳು ಮೂಕವಾದವು ಎಂಬ ದೂರು ನಮಗೆ ಬರುವ ಪತ್ರಗಳಲ್ಲಿ ಪದೇ ಪದೇ ಕಾಣುತ್ತಿದೆ. ಈ ಸಂಚಿಕೆಯ ಅಂಕಣವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನದು 2014ರ ಮಾರುತಿ ಸ್ವಿಫ್ಟ್. ಟಚ್ ಸ್ಕ್ರೀನ್ ಇರುವ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೆ. ಹಾಡು, ನಕ್ಷೆ, ಹಿಂಬದಿಯ ಕ್ಯಾಮೆರಾ ಎಲ್ಲವೂ ಚೆನ್ನಾಗಿವೆ. ಸ್ಟೀರಿಂಗ್ ಬಟನ್‌ಗಳು ಮಾತ್ರ ಸತ್ತಿವೆ. ಹೊರಗಿನ ಸ್ಟೀರಿಯೋಗೆ ಕಂಪನಿಯ ಬಟನ್ ಹೊಂದುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಇದು ನಿಜವೇ?
— ಓದುಗರು, ಹಾಸನ

ಉತ್ತರ: ನಿಜವಲ್ಲ. ಎರಡು ಮೂರು ವೈರ್ ಹುಡುಕಿ ಸೇರಿಸುವ, ಆಮೇಲೆ ಹತ್ತು ನಿಮಿಷ ಕುಳಿತು ಒಂದೊಂದೇ ಬಟನ್ನನ್ನು ಸ್ಟೀರಿಯೋಗೆ ಕಲಿಸುವ ಶ್ರಮ ಅವರಿಗೆ ಬೇಡವಾಗಿತ್ತು ಎಂದೇ ನಮ್ಮ ಅನುಮಾನ.

ಸ್ಟೀರಿಂಗ್ ಬಟನ್‌ಗಳು ಸ್ಟೀರಿಯೋ ಜೊತೆ ಮಾತನಾಡುವ ರೀತಿಗಳು ಮುಖ್ಯವಾಗಿ ಎರಡು. ಒಂದು ರೋಧದ, ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆಯ ಮೂಲಕ, ಇನ್ನೊಂದು ಅಂಕೀಯ ಸಂದೇಶದ ಮೂಲಕ. ಸ್ಟೀರಿಯೋ ಕೊಳ್ಳುವ ಮೊದಲೇ ನಿಮ್ಮ ಕಾರಿನದು ಯಾವ ರೀತಿ ಎಂದು ತಿಳಿದುಕೊಂಡರೆ ಮುಂದಿನ ಗೋಜಲು ಬಹುಪಾಲು ತಪ್ಪುತ್ತದೆ. ನಿಮ್ಮ ಸ್ವಿಫ್ಟ್‌ನಂತಹ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯ, ಸರಳವಾದ ರೀತಿ. ಪ್ರತಿಯೊಂದು ಬಟನ್ನಿನ ಹಿಂದೆ ಬೇರೆ ಬೇರೆ ಬೆಲೆಯ ರೆಸಿಸ್ಟರ್, ಅಂದರೆ ರೋಧ ಒಡ್ಡುವ ಬಿಡಿಭಾಗ ಇರುತ್ತದೆ; ಬೆಲೆ ಎಂದರೆ ಇಲ್ಲಿ ಹಣವಲ್ಲ, ಓಮ್ ಎಂಬ ಮಾನದಲ್ಲಿ ಅಳೆಯುವ ರೋಧದ ಪ್ರಮಾಣ. ಬಟನ್ ಒತ್ತಿದಾಗ ಆ ರೆಸಿಸ್ಟರ್ ಒಂದು ವೈರ್ ಮತ್ತು ಅರ್ತ್ (ಬ್ಯಾಟರಿಯ ನೆಗೆಟಿವ್ ಕಡೆ) ನಡುವೆ ಸೇರಿಕೊಳ್ಳುತ್ತದೆ. ಸ್ಟೀರಿಯೋ ಆ ವೈರ್‌ಗೆ ತನ್ನ ಒಳಗಿನ ಇನ್ನೊಂದು ರೆಸಿಸ್ಟರ್ ಮೂಲಕ ಸಣ್ಣ ವೋಲ್ಟೇಜ್ ಕಳಿಸುತ್ತಿರುತ್ತದೆ ಮತ್ತು ಅಲ್ಲಿ ಎಷ್ಟು ವೋಲ್ಟ್ ಉಳಿದಿದೆ ಎಂದು ಅಳೆದು ಒತ್ತಿದ ಬಟನ್ ಯಾವುದೆಂದು ಗುರುತಿಸುತ್ತದೆ. ಬಾಗಿಲಿಗೆ ಬಂದವರು ಯಾರೆಂದು ಅವರು ಬಾಗಿಲು ತಟ್ಟುವ ರೀತಿಯಿಂದಲೇ ಮನೆಯವರು ಹೇಳುವುದಿಲ್ಲವೇ, ಹಾಗೆ.

ಹೊಸ ಸ್ಟೀರಿಯೋದ ಹಿಂದೆ ಬರುವ ವೈರ್ ಗೊಂಚಲಿನಲ್ಲಿ ಕೀ 1, ಕೀ 2 ಎಂದು ಚೀಟಿ ಅಂಟಿಸಿದ ಎರಡು ವೈರ್‌ಗಳನ್ನು ನೋಡಿ; ಕೆಲವು ಸ್ಟೀರಿಯೋಗಳಲ್ಲಿ ಕೀ ಗ್ರೌಂಡ್ ಎಂಬ ಮೂರನೆಯದೂ ಇರುತ್ತದೆ. ಅಂಗಡಿಯವರು ಇವನ್ನು ಟೇಪ್ ಸುತ್ತಿ ಒಳಗೆ ತಳ್ಳಿರುವ ಸಾಧ್ಯತೆ ಹೆಚ್ಚು. ಇವುಗಳ ಜೋಡಿಯಾದ ಕಾರಿನ ವೈರ್‌ಗಳು ಸ್ಪೀಕರ್ ವೈರ್‌ಗಳಿರುವ ದೊಡ್ಡ ಕಪ್ಲರ್‌ನಲ್ಲಿಯೋ (ಹಲವು ವೈರ್‌ಗಳನ್ನು ಒಟ್ಟಿಗೆ ಸಿಕ್ಕಿಸುವ ಪ್ಲಗ್) ಪಕ್ಕದ ಸಣ್ಣ ಕಪ್ಲರ್‌ನಲ್ಲಿಯೋ ಇರುತ್ತವೆ. ಅವನ್ನು ಪತ್ತೆಹಚ್ಚಲು ಕೀಲಿ ತೆಗೆದು, ಸ್ಟೀರಿಯೋದಿಂದ ಕಪ್ಲರ್ ಬಿಡಿಸಿ, ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು, ಅನುಮಾನದ ವೈರ್ ಮತ್ತು ಅರ್ತ್ ನಡುವೆ ಹಿಡಿದು ಬಟನ್‌ಗಳನ್ನು ಒಂದೊಂದಾಗಿ ಒತ್ತಬೇಕು. ಸಂಖ್ಯೆ ಪ್ರತಿ ಬಟನ್ನಿಗೂ ಬದಲಾದರೆ ಅದೇ ವೈರ್. ಈ ಹುಡುಕಾಟದಲ್ಲಿ ಹಳದಿ ಬಣ್ಣದ ಕಪ್ಲರ್ ಕಂಡರೆ ಮಾತ್ರ ಮಲ್ಟಿಮೀಟರಿನ ಮೊನೆಯನ್ನು ಅದರ ಹತ್ತಿರಕ್ಕೂ ಒಯ್ಯಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

ವೈರ್ ಸೇರಿಸಿದ ಮೇಲೆ ಸ್ಟೀರಿಯೋದ ಸೆಟ್ಟಿಂಗ್‌ನಲ್ಲಿ ಸ್ಟೀರಿಂಗ್ ಎಂಬ ವಿಭಾಗ ತೆರೆದು, ಚಕ್ರದ ಮೇಲಿನ ಬಟನ್ ಒತ್ತಿ ಹಿಡಿದು, ಪರದೆಯ ಮೇಲಿನ ಅದೇ ಕೆಲಸದ ಚಿತ್ರವನ್ನು ಮುಟ್ಟಿ ಉಳಿಸುತ್ತಾ ಹೋಗಿ. ಇದನ್ನು ಎಂಜಿನ್ ಚಾಲೂ ಇರುವಾಗಲೇ ಮಾಡುವುದು ಒಳ್ಳೆಯದು, ಏಕೆಂದರೆ ನೀವು ಬಟನ್ ಬಳಸುವುದೂ ಅದೇ ಸ್ಥಿತಿಯಲ್ಲಿ. ಕಂಪನಿಯ ಕಪ್ಲರನ್ನು ಕತ್ತರಿಸಲು ಮಾತ್ರ ಬಿಡಬೇಡಿ. ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಸಮೇತ ಸಿದ್ಧ ಹಾರ್ನೆಸ್ (ವೈರ್ ಗೊಂಚಲು) ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಷ್ಟೇ ಅಲ್ಲ, ಆನ್‌ಲೈನ್‌ನಲ್ಲಿಯೂ ಸಿಗುತ್ತದೆ. ಮುಂದೊಂದು ದಿನ ಕಾರು ಮಾರುವಾಗ ಹಳೆಯ ಸ್ಟೀರಿಯೋ ಮರಳಿ ಹಾಕಬೇಕೆನಿಸಿದರೆ, ಕತ್ತರಿಸದ ಕಪ್ಲರ್ ಎಷ್ಟು ದೊಡ್ಡ ಉಪಕಾರ ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ಫೋಕ್ಸ್‌ವ್ಯಾಗನ್ ಪೋಲೋಗೆ ಹೊಸ ಸ್ಟೀರಿಯೋ ಹಾಕಿಸಿದೆ. ಕೀ 1, ಕೀ 2 ವೈರ್‌ಗಳಿಗೆ ಸರಿಹೊಂದುವ ವೈರೇ ಕಾರಿನಲ್ಲಿ ಸಿಗಲಿಲ್ಲವಂತೆ. ಅದಕ್ಕಿಂತ ಕೆಟ್ಟದ್ದೆಂದರೆ, ನಾಲ್ಕು ದಿನ ಕಾರು ನಿಲ್ಲಿಸಿದರೆ ಬ್ಯಾಟರಿ ಇಳಿದಿರುತ್ತದೆ. ಎರಡಕ್ಕೂ ಸಂಬಂಧವಿದೆಯೇ?
— ಓದುಗರು, ಮಂಗಳೂರು

ಉತ್ತರ: ಇದೆ, ಮತ್ತು ಎರಡರ ಮೂಲವೂ ಒಂದೇ. ನಿಮ್ಮ ಕಾರು ಎರಡನೆಯ ರೀತಿಯದು. ಇಲ್ಲಿ ಬಟನ್ನಿನಿಂದ ಸ್ಟೀರಿಯೋವರೆಗೆ ನೇರ ವೈರ್ ಇಲ್ಲ. ಒತ್ತಿದ ಬಟನ್ನಿನ ಸುದ್ದಿ ಸ್ಟೀರಿಂಗ್ ಕಂಬದ ಬಳಿಯ ಒಂದು ಎಲೆಕ್ಟ್ರಾನಿಕ್ ಘಟಕಕ್ಕೆ ಹೋಗಿ, ಅಲ್ಲಿಂದ ಸಂದೇಶದ ರೂಪದಲ್ಲಿ ಕ್ಯಾನ್ ಎಂಬ ಜಾಲದ ಮೇಲೆ ಹರಿಯುತ್ತದೆ. ಜರ್ಮನಿಯ ಬಾಷ್ ಕಂಪನಿ ರೂಪಿಸಿ 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲೋಕದ ಮುಂದಿಟ್ಟ ವ್ಯವಸ್ಥೆ ಇದು. ಒಂದರ ಜೊತೆಗೊಂದು ಹೆಣೆದ ಎರಡೇ ವೈರ್‌ಗಳ ಮೇಲೆ ಕಾರಿನ ಹಲವು ಘಟಕಗಳು ಸರದಿಯಂತೆ ಮಾತನಾಡಿಕೊಳ್ಳುತ್ತವೆ. ಸಂತೆಯ ಗದ್ದಲದಲ್ಲಿ ನಿಮಗೆ ಬೇಕಾದ ಒಂದೇ ಒಂದು ದನಿಯನ್ನು ಹಿಡಿಯಬೇಕಾದಂತೆ, ಆ ಸಂದೇಶಗಳ ನಡುವಿನಿಂದ ಬಟನ್ನಿನ ಸಂದೇಶವನ್ನು ಹೆಕ್ಕಿ ಸ್ಟೀರಿಯೋಗೆ ಅರ್ಥವಾಗುವಂತೆ ಹೇಳುವ ದುಭಾಷಿ ಬೇಕು. ಆ ದುಭಾಷಿಯೇ ಕ್ಯಾನ್ ಬಾಕ್ಸ್ ಎಂಬ ಬೆಂಕಿಪೊಟ್ಟಣದಷ್ಟು ಗಾತ್ರದ ಪೆಟ್ಟಿಗೆ.

ಬ್ಯಾಟರಿಯ ವಿಚಾರ ಇದರ ಹಿಂದೆಯೇ ಬರುತ್ತದೆ. ಸಾಮಾನ್ಯವಾಗಿ ಸ್ಟೀರಿಯೋಗೆ ಎರಡು ವಿದ್ಯುತ್ ವೈರ್‌ಗಳು ಬೇಕು: ನೆನಪಿನ ಶಕ್ತಿ ಉಳಿಸಿಕೊಳ್ಳಲು ಸದಾ ವಿದ್ಯುತ್ ಇರುವ ಹಳದಿ, ಮತ್ತು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಕೆಂಪು. ಪೋಲೋದಂತಹ ಕಾರುಗಳಲ್ಲಿ ಸ್ಟೀರಿಯೋದ ಕಪ್ಲರ್‌ಗೆ ಕೀಲಿಯ ವಿದ್ಯುತ್ ಬರುವುದೇ ಇಲ್ಲ. ಕೀಲಿ ತಿರುಗಿತು ಎಂಬುದನ್ನೂ ಕ್ಯಾನ್ ಸಂದೇಶವೇ ತಿಳಿಸುತ್ತದೆ. ಅವಸರದ ಕೆಲಸಗಾರರು ಕೆಂಪು ವೈರ್‌ಗೆ ಜಾಗ ಕಾಣದೆ ಅದನ್ನೂ ಹಳದಿಯ ಜೊತೆಗೇ ಹೊಸೆದುಬಿಡುತ್ತಾರೆ. ಆಗ ನೀವು ಕೀಲಿ ತೆಗೆದು ಮನೆಗೆ ಹೋದರೂ ಸ್ಟೀರಿಯೋ ನಿದ್ದೆ ಮಾಡುವುದಿಲ್ಲ. ಅದು ಅರ್ಧ ಆಂಪಿಯರ್ ಎಳೆಯುತ್ತಿದೆ ಎಂದಿಟ್ಟುಕೊಂಡರೂ 45 ಆಂಪಿಯರ್-ಗಂಟೆಯ ಬ್ಯಾಟರಿ 90 ಗಂಟೆಯಲ್ಲಿ ಬರಿದಾಗುತ್ತದೆ, ಎಂಜಿನ್ ಎಬ್ಬಿಸುವ ಶಕ್ತಿ ಅದಕ್ಕೂ ಮೊದಲೇ ಹೋಗಿರುತ್ತದೆ. ನೀವು ಬರೆದ ನಾಲ್ಕು ದಿನಕ್ಕೆ ಈ ಲೆಕ್ಕ ತಾಳೆಯಾಗುತ್ತದೆ.

ನಿಮ್ಮ ಮಾದರಿಗೆಂದೇ ಇರುವ ಕ್ಯಾನ್ ಬಾಕ್ಸ್ ಹಾಕಿಸಿ, ಕೆಂಪು ವೈರನ್ನು ಹಳದಿಯಿಂದ ಬಿಡಿಸಿ ಆ ಪೆಟ್ಟಿಗೆಯೇ ಕೊಡುವ ಕೀಲಿ ವಿದ್ಯುತ್ತಿಗೆ ಸೇರಿಸಬೇಕು. ಎರಡೂ ತೊಂದರೆಗಳು ಒಟ್ಟಿಗೇ ಹೋಗುತ್ತವೆ. ಪೆಟ್ಟಿಗೆ ಸರಿಯಿದ್ದೂ ಬಟನ್ ಕೆಲಸ ಮಾಡದಿದ್ದರೆ, ಸ್ಟೀರಿಯೋದ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಪೆಟ್ಟಿಗೆ ತಯಾರಿಸಿದ ಕಂಪನಿ ಮತ್ತು ಕಾರಿನ ಮಾದರಿ ಆರಿಸಿಲ್ಲ ಎಂದೇ ತಿಳಿಯಿರಿ. ಆ ವಿಭಾಗ ತೆರೆಯಲು ಸಂಕೇತ ಸಂಖ್ಯೆ ಬೇಕಾಗುತ್ತದೆ, ಅದನ್ನು ಮಾರಾಟಗಾರರಿಂದ ಬರೆಸಿಕೊಂಡು ಬನ್ನಿ. ಕೆಲಸ ಮುಗಿದ ಮೇಲೆ ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು, ಬ್ಯಾಟರಿಯಿಂದ ಹೊರಡುವ ಕರೆಂಟನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ. 50 ಮಿಲಿ ಆಂಪಿಯರ್ ಒಳಗಿದ್ದರೆ ನೆಮ್ಮದಿಯಿಂದ ಊರಿಗೆ ಹೋಗಿ ಬರಬಹುದು.

ಪ್ರಶ್ನೆ: ಆಂಡ್ರಾಯ್ಡ್ ಸ್ಟೀರಿಯೋಗಿಂತ ಧ್ವನಿ ಚೆನ್ನಾಗಿರುವ ಪಯೋನಿಯರ್ ಅಥವಾ ಜೆವಿಸಿ ಕೊಳ್ಳುವ ಮನಸ್ಸಿದೆ. ಅವುಗಳ ಹಿಂದೆ ವೈರ್ಡ್ ರಿಮೋಟ್ ಎಂಬ ಜೋಡಣೆ ಇದೆ ಎನ್ನುತ್ತಾರೆ. ಕಾರಿನ ವೈರನ್ನು ನೇರವಾಗಿ ಅದಕ್ಕೆ ಸೇರಿಸಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಸಾಮಾನ್ಯವಾಗಿ ಆಗುವುದಿಲ್ಲ. ಈ ಸ್ಟೀರಿಯೋಗಳಿಗೆ ಬಟನ್ ಕಲಿಯುವ ಗುಣ ಬಹುತೇಕ ಇರುವುದಿಲ್ಲ. ಒಂದೊಂದು ಕಂಪನಿಯೂ ತನ್ನದೇ ಸಂಕೇತವನ್ನು ಗೊತ್ತುಮಾಡಿಕೊಂಡಿದೆ. ಪಯೋನಿಯರ್‌ನ 3.5 ಮಿಲಿಮೀಟರ್ ರಂಧ್ರ ರೋಧವನ್ನೇ ಅಳೆಯುತ್ತದೆಯಾದರೂ ಅದಕ್ಕೆ ತನ್ನದೇ ಬೆಲೆಗಳು ಬೇಕು; ಜೆವಿಸಿ ಬಯಸುವುದು ಟಿವಿ ರಿಮೋಟ್ ಕಳಿಸುವಂತಹ ಮಿಡಿತಗಳ ಸರಣಿಯನ್ನು. ಆದ್ದರಿಂದ ನಡುವೆ ಅಡಾಪ್ಟರ್ ಇಡಬೇಕು. ಮೆಟ್ರಾ ಕಂಪನಿಯ ಆಕ್ಸೆಸ್, ಪ್ಯಾಕ್, ಬ್ರಿಟನ್ನಿನ ಕನೆಕ್ಟ್ಸ್‌ಟು ಇವು ಈ ಕೆಲಸಕ್ಕೆ ಹೆಸರಾದವು. ಕೊಳ್ಳುವಾಗ ಎರಡು ತುದಿಯನ್ನೂ ನೋಡಿ: ಒಂದು ಕಡೆ ನಿಮ್ಮ ಕಾರಿನ ಮಾದರಿ ಮತ್ತು ವರ್ಷ, ಇನ್ನೊಂದು ಕಡೆ ಸ್ಟೀರಿಯೋದ ಕಂಪನಿ. ಕಾರಿನ ತುದಿ ಹೊಂದಿ ಸ್ಟೀರಿಯೋ ತುದಿ ಹೊಂದದ ಅಡಾಪ್ಟರ್ ತಂದು ಮೂಲೆಗೆ ಹಾಕಿದವರು ನಮ್ಮ ಪರಿಚಯದಲ್ಲೇ ಇದ್ದಾರೆ, ಅವರಲ್ಲಿ ಈ ಉತ್ತರ ಬರೆಯುತ್ತಿರುವವರೂ ಒಬ್ಬರು.

ಪ್ರಶ್ನೆ: ಬಟನ್‌ಗಳು ವರ್ಷದವರೆಗೆ ಚೆನ್ನಾಗಿದ್ದವು. ಈ ಮಳೆಗಾಲ ಶುರುವಾದ ಮೇಲೆ ಧ್ವನಿ ಹೆಚ್ಚಿಸುವ ಬಟನ್ ಒತ್ತಿದರೆ ಕೆಲವೊಮ್ಮೆ ಹಾಡು ಬದಲಾಗುತ್ತದೆ. ಸ್ಟೀರಿಯೋ ಕೆಟ್ಟಿದೆಯೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಸ್ಟೀರಿಯೋವನ್ನು ಸದ್ಯಕ್ಕೆ ದೂರಬೇಡಿ. ಒಂದು ಸಣ್ಣ ಲೆಕ್ಕದಿಂದ ವಿಷಯ ತಿಳಿಯಾಗುತ್ತದೆ. ಸ್ಟೀರಿಯೋ 3.3 ವೋಲ್ಟನ್ನು ತನ್ನ ಒಳಗಿನ 1000 ಓಮ್ ರೆಸಿಸ್ಟರ್ ಮೂಲಕ ಕಳಿಸುತ್ತದೆ, ಮೂರು ಬಟನ್‌ಗಳ ಬೆಲೆ 100, 330 ಮತ್ತು 1000 ಓಮ್ ಎಂದು ಇಟ್ಟುಕೊಳ್ಳೋಣ. ಆಗ ಸ್ಟೀರಿಯೋ ಕಾಣುವುದು ಕ್ರಮವಾಗಿ ಸುಮಾರು 0.30, 0.82 ಮತ್ತು 1.65 ವೋಲ್ಟ್. ನಡುವೆ ಸಾಕಷ್ಟು ಅಂತರವಿದೆ. ಈಗ ಎಲ್ಲೋ ಒಂದು ಜೋಡಣೆಯಲ್ಲಿ ಕಿಲುಬು ಹಿಡಿದು 200 ಓಮ್ ಹೆಚ್ಚುವರಿ ರೋಧ ಸೇರಿಕೊಂಡಿತು ಎನ್ನಿ. 100 ಓಮ್ ಬಟನ್ 300ರಂತೆ ಕಾಣುತ್ತದೆ, ಸ್ಟೀರಿಯೋ ಅದನ್ನು ಪಕ್ಕದ 330ರ ಬಟನ್ ಎಂದು ನಂಬುತ್ತದೆ. ಕಿಲುಬು ರೋಧವನ್ನು ಕೂಡಿಸುತ್ತದೆಯೇ ಹೊರತು ಕಳೆಯುವುದಿಲ್ಲವಾದ್ದರಿಂದ, ತಪ್ಪು ಯಾವಾಗಲೂ ಕಡಿಮೆ ಬೆಲೆಯ ಬಟನ್ನಿನಿಂದ ಹೆಚ್ಚಿನ ಬೆಲೆಯದರ ಕಡೆಗೇ ಜಾರುತ್ತದೆ.

ಇದರಿಂದ ದೋಷದ ಜಾಗವನ್ನೂ ಊಹಿಸಬಹುದು. ಮಲ್ಟಿಮೀಟರ್‌ನಲ್ಲಿ ಎಲ್ಲ ಬಟನ್‌ಗಳ ಬೆಲೆಯೂ ಅಲುಗಾಡುತ್ತಿದ್ದರೆ ತೊಂದರೆ ಎಲ್ಲಕ್ಕೂ ಸಮಾನವಾದ ದಾರಿಯಲ್ಲಿದೆ: ಕೈಯಿಂದ ಹೊಸೆದು ಟೇಪ್ ಸುತ್ತಿದ ಜೋಡಣೆ, ಇಲ್ಲವೇ ಅರ್ತ್. ಒಂದೇ ಬಟನ್ ಅಲುಗಾಡಿದರೆ ಅದರ ಒಳಗಿನ ಸಂಪರ್ಕವೇ ಸವೆದಿದೆ. ಮಲೆನಾಡಿನ ತೇವಕ್ಕೆ ಹೊಸೆದ ವೈರ್ ಬಹಳ ಕಾಲ ತಾಳುವುದಿಲ್ಲ. ಬೆಸುಗೆ ಹಾಕಿಸಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ. ಅರ್ತ್ ವೈರನ್ನು ಡ್ಯಾಶ್‌ಬೋರ್ಡ್ ಒಳಗಿನ ಯಾವುದೋ ಸ್ಕ್ರೂಗೆ ಸಿಕ್ಕಿಸಿದ್ದರೆ ಅದನ್ನು ಬಿಡಿಸಿ, ಬಟನ್‌ಗಳ ಸ್ವಂತ ಅರ್ತ್ ವೈರ್ ಇದ್ದರೆ ಅದಕ್ಕೇ ಸೇರಿಸಿ. ಆಮೇಲೆ ಬಟನ್‌ಗಳನ್ನು ಮತ್ತೊಮ್ಮೆ ಕಲಿಸಿ. ಜೋಡಣೆ ಸರಿಪಡಿಸದೆ ಮತ್ತೆ ಕಲಿಸುವುದರಿಂದ ಹತ್ತು ದಿನ ಸುಖ ಸಿಗುತ್ತದೆ, ಅಷ್ಟೇ.

ಹೊಸದಾಗಿ ಹಾಕಿಸಿದ ದಿನವೇ ಬಟನ್‌ಗಳು ಕಲಸಿಹೋಗುತ್ತಿವೆ ಎಂದು ದೂರುವವರ ಕಥೆ ಬೇರೆ. ಸ್ಟೀರಿಯೋ ಒಳಗಿನ ರೆಸಿಸ್ಟರ್ 1000ದ ಬದಲು 10,000 ಓಮ್ ಇದ್ದರೆ ಮೇಲಿನ ಮೂರೂ ಬಟನ್‌ಗಳು 0.03ರಿಂದ 0.30 ವೋಲ್ಟ್ ನಡುವೆ ಒತ್ತೊತ್ತಾಗಿ ಕೂರುತ್ತವೆ. ಕೆಲವು ಆಂಡ್ರಾಯ್ಡ್ ಸ್ಟೀರಿಯೋಗಳ ಸೆಟ್ಟಿಂಗ್‌ನಲ್ಲಿ ಈ ಬೆಲೆಯನ್ನು ಬದಲಿಸುವ ಅವಕಾಶವಿರುತ್ತದೆ. ಮೊದಲು ಅದನ್ನು ನೋಡಿ.

ಪ್ರಶ್ನೆ: ಧ್ವನಿ ಮತ್ತು ಹಾಡಿನ ಬಟನ್ ಕೆಲಸ ಮಾಡುತ್ತವೆ, ಫೋನ್ ಕರೆ ಸ್ವೀಕರಿಸುವ ಬಟನ್ ಮಾತ್ರ ಇಲ್ಲ. ಏಕೆ?
— ಓದುಗರು, ಬಳ್ಳಾರಿ

ಉತ್ತರ: ಹಲವು ಕಾರುಗಳಲ್ಲಿ ಫೋನ್ ಬಟನ್‌ಗಳು ಬೇರೆ ವೈರ್‌ನಲ್ಲಿ ಬರುತ್ತವೆ. ಕೀ 2 ಖಾಲಿ ಉಳಿದಿದೆಯೇ ನೋಡಿ.

ಪ್ರಶ್ನೆ: ಸ್ಟೀರಿಯೋ ಬದಲಿಸಿ ಎರಡು ತಿಂಗಳಾದ ಮೇಲೆ ಬಟನ್‌ಗಳ ಜೊತೆ ಹಾರ್ನ್ ಕೂಡ ನಿಂತಿದೆ, ಏರ್‌ಬ್ಯಾಗ್ ದೀಪ ಉರಿಯುತ್ತಿದೆ. ಸ್ಟೀರಿಯೋ ಹಾಕಿದವರನ್ನೇ ಕರೆಸಬೇಕೇ?
— ಓದುಗರು, ಮೈಸೂರು

ಉತ್ತರ: ಬೇಡ. ಈ ಮೂರೂ ಒಟ್ಟಿಗೆ ಹೋದವೆಂದರೆ ಅನುಮಾನಿಸಬೇಕಾದದ್ದು ಕ್ಲಾಕ್ ಸ್ಪ್ರಿಂಗ್, ಅಂದರೆ ಸ್ಟೀರಿಂಗ್ ತಿರುಗಿದರೂ ವೈರ್ ತುಂಡಾಗದಂತೆ ಸುರುಳಿ ಸುತ್ತಿಟ್ಟಿರುವ ಪಟ್ಟಿ. ಹಾರ್ನ್, ಬಟನ್, ಏರ್‌ಬ್ಯಾಗ್ ಮೂರರ ವೈರೂ ಅದರಲ್ಲೇ ಹಾಯುತ್ತದೆ. ದೀಪ ಉರಿಯುತ್ತಿರುವಷ್ಟು ದಿನ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯುತ್ತದೆ ಎಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ, ಆದ್ದರಿಂದ ಮುಂದೂಡಬೇಡಿ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಪ್ರತಿ ಹೊಸ ಕಾರಿಗೂ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಸ್ಟೀರಿಯೋ ಅಂಗಡಿಯಲ್ಲಿ ಆ ಏರ್‌ಬ್ಯಾಗ್ ಒಳಗಿರುವ ಸ್ಟೀರಿಂಗ್ ಚಕ್ರ ಬಿಚ್ಚುವ ಧೈರ್ಯ ಮಾತ್ರ ಇನ್ನೂ ಕಡಿಮೆಯಾಗಿಲ್ಲ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿಯೇ ಬದಲಿಸಿ. ಅವರು ಬ್ಯಾಟರಿಯ ನೆಗೆಟಿವ್ ತುದಿ ತೆಗೆದು ಕೆಲವು ನಿಮಿಷ ಕಾಯ್ದು, ಕಾರಿನ ಮುಂದಿನ ಚಕ್ರಗಳನ್ನು ನೇರ ಇಟ್ಟು, ಹೊಸ ಸುರುಳಿಯನ್ನು ನಡುಮಟ್ಟಕ್ಕೆ ತಂದು ಕೂರಿಸುತ್ತಾರೆ. ನಡು ತಪ್ಪಿ ಕೂರಿಸಿದ ಸುರುಳಿ ಮೊದಲ ಪೂರ್ಣ ತಿರುವಿನಲ್ಲೇ ಹರಿಯಬಹುದು.