ಕಲಿಕಾ ಫಲ: ತರಬೇತಿಗಿಂತ ಮೊದಲು ಪ್ರಶ್ನೆಪತ್ರಿಕೆ ತೆಗೆದು ನೋಡಿ

ಕಲಿಕಾ ಫಲ (ಕಲಿತ ಮೇಲೆ ಮಗು ಮಾಡಿ ತೋರಿಸಬೇಕಾದದ್ದು) ಆಧರಿಸಿ ಪಾಠ ಮಾಡಬೇಕೆಂದಿದ್ದಾರೆ, ಶಿಕ್ಷಕರಿಗೆ ಎಷ್ಟು ದಿನದ ತರಬೇತಿ ಬೇಕು ಎಂದು ಕೇಳಿದ್ದೀರಿ. ನಮ್ಮ ಶಾಲೆಯಲ್ಲೂ ಮೊದಲು ಎದ್ದದ್ದು ಇದೇ ಪ್ರಶ್ನೆ. ನನ್ನ ಮಟ್ಟಿಗೆ ತೊಡಕಿರುವುದು ತರಬೇತಿಯಲ್ಲಿ ಅಲ್ಲವೇ ಅಲ್ಲ, ಪ್ರಶ್ನೆಪತ್ರಿಕೆಯಲ್ಲಿ.

2017ರಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು) ನಿಯಮಗಳಿಗೆ ತಿದ್ದುಪಡಿಯಾಗಿ ತರಗತಿವಾರು ಕಲಿಕಾ ಫಲಗಳು ಸೇರಿದವು, ಪಟ್ಟಿಗಳು ಶಾಲೆಗೆ ಬಂದವು. ಆಮೇಲೆ ಹೆಚ್ಚಿನ ಕಡೆ ಆಗುವುದು ಇಷ್ಟೇ: ಹಳೇ ಪಾಠಯೋಜನೆಯ ಅಂಚಿನಲ್ಲಿ ಕಲಿಕಾ ಫಲ ಬರೆಯುತ್ತಾರೆ, ಪರೀಕ್ಷೆ ಮಾತ್ರ ಹಳೆಯದೇ.

ಐದನೇ ತರಗತಿ ಗಣಿತ ನೋಡಿ. ಮಗು ಸಮಾನ ಭಿನ್ನರಾಶಿಗಳನ್ನು (1/2, 2/4ರಂತೆ ಒಂದೇ ಬೆಲೆಯವು) ಗುರುತಿಸಿ ತಾನೇ ರಚಿಸಬೇಕು ಎನ್ನುತ್ತದೆ ಕಲಿಕಾ ಫಲ. ಎಫ್‌ಎ (ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನ) ಪತ್ರಿಕೆಯಲ್ಲಿ ಇರುವುದು ‘ಸಮಾನ ಭಿನ್ನರಾಶಿ ಎಂದರೇನು?’ ಬಾಯಿಪಾಠ ಮಾಡಿದ ಮಗು ಎರಡಂಕ ಪಡೆಯುತ್ತದೆ, ದಾಖಲೆಯಲ್ಲಿ ‘ಸಾಧಿಸಿದೆ’ ಎಂದು ಬೀಳುತ್ತದೆ. ಆರನೇ ತರಗತಿಯಲ್ಲಿ ಅದೇ ಮಗು 1/2 + 1/4 = 2/6 ಎಂದು ಬರೆಯುತ್ತದೆ. ಅರ್ಧಕ್ಕೆ ಕಾಲು ಕೂಡಿಸಿದರೆ ಅರ್ಧಕ್ಕಿಂತ ಕಡಿಮೆ ಬಂತಲ್ಲ ಎಂದು ಅದಕ್ಕೆ ಅನಿಸುವುದೂ ಇಲ್ಲ. ದಾಖಲೆ ಸರಿಯಿದೆ ಎಂದುಕೊಂಡು ಆರನೇ ತರಗತಿಯ ಶಿಕ್ಷಕರು ಮುಂದೆ ಹೋಗಿರುತ್ತಾರೆ. ತಪ್ಪು ಒಂದು ವರ್ಷ ತಡವಾಗಿ, ಇನ್ನೊಬ್ಬರ ತರಗತಿಯಲ್ಲಿ ಕಾಣಿಸಿಕೊಳ್ಳುವುದರಿಂದಲೇ ಯಾರ ಕೈಗೂ ಸಿಗುವುದಿಲ್ಲ.

ಆದ್ದರಿಂದ ಕೆಲಸದ ಕ್ರಮ ತಿರುಗಿಸಿ. ಒಂದು ವಿಷಯ, ಒಂದೇ ಘಟಕ ಹಿಡಿಯಿರಿ. ಪ್ರತಿ ಕಲಿಕಾ ಫಲದ ಮುಂದೆ ಮಗು ಮಾಡಿ ತೋರಿಸಬೇಕಾದ ಎರಡು ಕೆಲಸ ಬರೆಯಿರಿ. ಸಮಾನ ಭಿನ್ನರಾಶಿಗೆ: ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಮಡಿಚಿ 1/2 ಮತ್ತು 2/4ಕ್ಕೆ ಬಣ್ಣ ಹಚ್ಚಿ ಹೋಲಿಸುವುದು, 3/5ಕ್ಕೆ ಸಮನಾದ ಎರಡು ಭಿನ್ನರಾಶಿ ಬರೆದು ಕಾರಣ ಹೇಳುವುದು. ಎರಡನೆಯದು ಮುಖ್ಯ, ಏಕೆಂದರೆ ಪಟ್ಟಿ ಮಡಿಚುವುದನ್ನು ಪಕ್ಕದವರನ್ನು ನೋಡಿಯೂ ಮಾಡಬಹುದು. ಇವೇ ಎಫ್‌ಎ ಪ್ರಶ್ನೆಗಳಾಗಲಿ. ಪಾಠಯೋಜನೆ ಕೊನೆಗೆ.

ದಾಖಲೆಯಲ್ಲಿ ಎಲ್ಲ ಮಕ್ಕಳ ಹೆಸರಿನ ಮುಂದೆ ದಿನವೂ ಟಿಕ್ ಹಾಕಿಸಬೇಡಿ. ದಣಿದ ಶಿಕ್ಷಕರು ಎಲ್ಲರಿಗೂ ಹಾಕಿಬಿಡುತ್ತಾರೆ. ಮಾಡಲಾಗದ ಮಕ್ಕಳ ಹೆಸರು, ಎಲ್ಲಿ ತಪ್ಪಿತು ಎಂಬ ಒಂದು ಸಾಲು ಸಾಕು. ಹಿಂದುಳಿದ ಮಕ್ಕಳಿಗೆ ಮತ್ತೆ ಕಲಿಸುವ ಪರಿಹಾರ ಬೋಧನೆಗೆ ಆ ಸಾಲೇ ಆಧಾರ.

ಪೋಷಕರು ನೋಟ್ಸ್ ಎಲ್ಲಿ ಎಂದು ಖಂಡಿತ ಕೇಳುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹಳೇ ಪ್ರಶ್ನೆ, ಹೊಸ ಪ್ರಶ್ನೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ತರಬೇತಿ ಕೊಡಿಸಲೇಬೇಕಿದ್ದರೆ ಇಂಥ ಪ್ರಶ್ನೆಗಳನ್ನು ಶಿಕ್ಷಕರೇ ಕೂತು ಬರೆಯುವ ತರಬೇತಿ ಕೊಡಿಸಿ.